ಮನೆಗೆ ಯಾವ ಬಿಪಿ ಯಂತ್ರ: ತೋಳಿನದೋ, ಮಣಿಕಟ್ಟಿನದೋ?

ಹುಬ್ಬಳ್ಳಿ-ಧಾರವಾಡದ ಔಷಧಿ ಅಂಗಡಿಗಳಲ್ಲಿ ಮನೆಬಳಕೆಗೆ ಸಿಗುವ ಡಿಜಿಟಲ್ ಬಿಪಿ ಯಂತ್ರಗಳು ಮುಖ್ಯವಾಗಿ ಎರಡು ಬಗೆಯವು: ತೋಳಿಗೆ ಪಟ್ಟಿ ಸುತ್ತುವಂಥವು, ಮಣಿಕಟ್ಟಿಗೆ ಕಟ್ಟುವಂಥವು. ಮಣಿಕಟ್ಟಿನದು ಹಗುರ, ಬಿಗಿ ತೋಳಿನ ಕುಪ್ಪಸ ತೊಡುವ ಹಿರಿಯ ಹೆಣ್ಣುಮಕ್ಕಳಿಗೆ ಅನುಕೂಲವೂ ಹೌದು. ಆದರೆ ಕೈಯನ್ನು ಎದೆಯ ಮಟ್ಟಕ್ಕೆ ಹಿಡಿಯದೆ ತೊಡೆಯ ಮೇಲಿಟ್ಟರೆ ಅಂಕಿ ಏರುತ್ತದೆ. ಹೃದಯಕ್ಕಿಂತ 10 ಸೆಂ.ಮೀ. ಕೆಳಗಿದ್ದರೂ ಸಾಕು, ಸುಮಾರು 7–8 ಅಂಕಗಳಷ್ಟು ಹೆಚ್ಚು ತೋರಿಸುತ್ತದೆ.

ಆದ್ದರಿಂದ ನನ್ನ ಒಲವು ತೋಳಿನ ಯಂತ್ರದ ಕಡೆಗೇ. ಕೊಳ್ಳುವಾಗ ಬೆಲೆಗಿಂತ ಮೊದಲು ಪಟ್ಟಿಯ ಅಳತೆ ನೋಡಬೇಕು. ಸಾಮಾನ್ಯ ಪಟ್ಟಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ ಹೊಂದುತ್ತದೆ. ಅದಕ್ಕಿಂತ ದಪ್ಪ ತೋಳಿಗೆ ಅದನ್ನೇ ಬಿಗಿದರೆ ಬಿಪಿ ಇಲ್ಲದವರಿಗೂ ಬಿಪಿ ಬಂದಂತೆ ಕಾಣಬಹುದು. ತಕ್ಕ ಪಟ್ಟಿಯೇ ಸಿಗದವರು ಮಣಿಕಟ್ಟಿನದನ್ನು ಪರಿಗಣಿಸಬಹುದು. ಇನ್ನು ಡಿಜಿಟಲ್ ಅಲ್ಲದ, ಗಡಿಯಾರದಂತೆ ಮುಳ್ಳಿನಿಂದ ಅಂಕಿ ತೋರಿಸುವ ಯಂತ್ರಕ್ಕೆ ಸ್ಟೆತಾಸ್ಕೋಪ್ ಹಚ್ಚಿ ಕೇಳುವ ರೂಢಿ ಬೇಕು, ಒಂಟಿಯಾಗಿರುವವರಿಗೆ ಅದು ಸಲ್ಲದು.

ಯಾವುದನ್ನೇ ಕೊಂಡರೂ, ಮಿರ್ಚಿ-ಚಹಾ ಮುಗಿಸಿ ಬಂದ ಕೂಡಲೇ ನೋಡಿದ ಅಂಕಿಗೆ ಅರ್ಥವಿಲ್ಲ. ಚಹಾ, ತಂಬಾಕುಗಳಿಂದ ಅರ್ಧ ಗಂಟೆ ದೂರವಿದ್ದು, ಮೂತ್ರ ವಿಸರ್ಜಿಸಿ, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ 5 ನಿಮಿಷ ಮಾತಾಡದೆ ಕುಳಿತು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು ಬರೆದಿಡಬೇಕು. ಆಸ್ಪತ್ರೆಯಲ್ಲಿ 140/90 ಅನ್ನು ಅಧಿಕ ರಕ್ತದೊತ್ತಡದ ಗಡಿಯೆಂದು ಎಣಿಸಿದರೆ, ಮನೆಯಲ್ಲಿ ಹಲವು ದಿನ ಅಳೆದ ಸರಾಸರಿಗೆ ಆ ಗಡಿ 135/85. ನಾಡಿಬಡಿತ ಏರುಪೇರಾಗಿರುವವರಲ್ಲಿ ಎರಡೂ ಯಂತ್ರಗಳು ತಪ್ಪಬಹುದಾದ್ದರಿಂದ, ಅವರು ವೈದ್ಯರನ್ನು ಕೇಳಿಯೇ ಕೊಳ್ಳುವುದು ಲೇಸು.