ಫೈರ್‌ಫಾಕ್ಸ್ ಸಿಂಕ್ ವಿಮರ್ಶೆ: ಕಂಪ್ಯೂಟರ್ ಫಾರ್ಮ್ಯಾಟ್ ಆದ ಮೇಲೆ ಏನು ಉಳಿಯುತ್ತೆ, ಏನು ಹೋಗುತ್ತೆ

"ಡಿ ಡ್ರೈವ್ ಮುಟ್ಟಲ್ಲ, ಸಿ ಮಾತ್ರ ಫಾರ್ಮ್ಯಾಟ್ ಮಾಡ್ತೀವಿ, ನಿಮ್ಮದೇನೂ ಹೋಗಲ್ಲ." ಶಿವಮೊಗ್ಗದ ದುರ್ಗಿಗುಡಿಯಲ್ಲಾಗಲಿ, ಸಾಗರ, ತೀರ್ಥಹಳ್ಳಿ ಪೇಟೆಯಲ್ಲಾಗಲಿ, ಕಂಪ್ಯೂಟರ್ ರಿಪೇರಿಗೆ ಕೊಡುವಾಗ ಕಿವಿಗೆ ಬೀಳುವ ಮಾತು ಇದು. ಫೋಟೊ, ಪಹಣಿಯ ಪಿಡಿಎಫ್, ಮಕ್ಕಳ ಪ್ರಾಜೆಕ್ಟ್ ಡಿ ಡ್ರೈವಿನಲ್ಲಿದ್ದರೆ ಮಾತು ನಿಜವೇ. ಆದರೆ ಬ್ರೌಸರ್ ತನ್ನ ಗಂಟನ್ನು ಇಟ್ಟುಕೊಳ್ಳುವುದು ಸಿ ಡ್ರೈವಿನಲ್ಲಿ. ರಾಶಿ, ಬೆಟ್ಟೆ, ಸರಕು, ಗೊರಬಲು ಅಡಿಕೆಯ ಧಾರಣೆ ನೋಡುವ ಪುಟ, ಭೂಮಿ ಜಾಲತಾಣ, ಬ್ಯಾಂಕಿನ ಪಾಸ್‌ವರ್ಡ್, ವರ್ಷಗಟ್ಟಲೆ ಕೂಡಿಸಿದ ಬುಕ್‌ಮಾರ್ಕು ಎಲ್ಲವೂ ಸಿ ಜೊತೆಗೇ ಹೋಗುತ್ತವೆ. ಆಗ ಫೈರ್‌ಫಾಕ್ಸ್ ಬಳಸುವವರೆಲ್ಲ ನೆಚ್ಚುವುದು ಸಿಂಕನ್ನು, ಅಂದರೆ ಒಂದು ಖಾತೆಯ ಮೂಲಕ ಬ್ರೌಸರಿನ ಮಾಹಿತಿಯನ್ನು ನಿಮ್ಮ ಎಲ್ಲ ಯಂತ್ರಗಳಲ್ಲೂ ಒಂದೇ ಸಮ ಇಡುವ ಸೇವೆಯನ್ನು.

ನೆಚ್ಚಬಹುದು, ಆದರೆ ಅದು ಏನೆಂದು ತಿಳಿದು ನೆಚ್ಚಬೇಕು. ಸಿಂಕ್ ಬ್ಯಾಕಪ್ ಅಲ್ಲ ಎಂದು ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಸಹಾಯ ಪುಟಗಳೇ ಹೇಳುತ್ತವೆ. ತೋಟದ ದಂಬೆಯ ಹಾಗೆ ಅದು: ಒಂದು ಕಡೆಯ ನೀರನ್ನು ಇನ್ನೊಂದು ಕಡೆಗೆ ಹರಿಸುತ್ತದೆ, ಕೂಡಿಡುವುದಿಲ್ಲ. ಫೋನಿನಲ್ಲಿ ಒಂದು ಬುಕ್‌ಮಾರ್ಕ್ ಫೋಲ್ಡರ್ ಅಳಿಸಿದರೆ ಸ್ವಲ್ಪ ಹೊತ್ತಿನಲ್ಲಿ ಮನೆಯ ಕಂಪ್ಯೂಟರಿನಲ್ಲೂ ಅದು ಇರುವುದಿಲ್ಲ. ಹಾಗೆ ಅಳಿಸಿದ್ದು ತಕ್ಷಣ ಗೊತ್ತಾದರೆ, ಇನ್ನೂ ಸಿಂಕ್ ಆಗದ ಇನ್ನೊಂದು ಯಂತ್ರದ ಇಂಟರ್‌ನೆಟ್ ಮೊದಲು ಕಡಿಯಿರಿ. ಆಮೇಲೆ ಅದನ್ನು ತೆರೆದು ಬುಕ್‌ಮಾರ್ಕುಗಳನ್ನು ಫೈಲಿಗೆ ಉಳಿಸಿಕೊಳ್ಳಿ.

ಎಲ್ಲ ಸರಿಯಿದ್ದಾಗ ಕೆಲಸ ಚೆನ್ನಾಗಿಯೇ ನಡೆಯುತ್ತದೆ. ಹೊಸ ವಿಂಡೋಸ್‌ನಲ್ಲಿ ಫೈರ್‌ಫಾಕ್ಸ್ ಹಾಕಿ, ಅದೇ ಇಮೇಲ್, ಅದೇ ಪಾಸ್‌ವರ್ಡ್ ಕೊಟ್ಟರೆ ಬುಕ್‌ಮಾರ್ಕು, ಪಾಸ್‌ವರ್ಡು, ಹಿಸ್ಟರಿ, ಬ್ರೌಸರಿಗೆ ಸೇರಿಸಿಕೊಂಡ ಆಡ್-ಆನ್‌ಗಳು ಬಂದು ಕೂರುತ್ತವೆ. ದುಡ್ಡಿಲ್ಲ, ಜಾಹೀರಾತಿಲ್ಲ. ಹೊಸನಗರ ಕಡೆಯ ಹಳ್ಳಿಗಳಲ್ಲಿ ಫೋನಿನ ಹಾಟ್‌ಸ್ಪಾಟ್ ಮೇಲೆ ಮಾಡುವವರು "ಸಿಂಕ್ ನೌ" ಒತ್ತಿ ತಾಳ್ಮೆಯಿಂದ ಕಾಯಬೇಕು, ಅಷ್ಟೇ. ಅರ್ಧ ಬಂದಿರುವಾಗಲೇ ಗಾಬರಿಯಾಗಿ ಹಳೆಯ ಬುಕ್‌ಮಾರ್ಕ್ ಫೈಲನ್ನೂ ಇಂಪೋರ್ಟ್ ಮಾಡಿದರೆ ಬುಕ್‌ಮಾರ್ಕುಗಳು ಎರಡೆರಡಾಗಬಹುದು.

ಕೈಕೊಡುವ ಜಾಗ ಪಾಸ್‌ವರ್ಡ್. ಫೈರ್‌ಫಾಕ್ಸ್ ನಿಮ್ಮ ಮಾಹಿತಿಯನ್ನು ನಿಮ್ಮ ಯಂತ್ರದಲ್ಲೇ ಗೂಢಲಿಪಿಗೆ ತಿರುಗಿಸಿ ಸರ್ವರಿಗೆ ಕಳಿಸುತ್ತದೆ. ಅದರ ಬೀಗದ ಕೈ ಹುಟ್ಟುವುದು ನಿಮ್ಮ ಖಾತೆಯ ಪಾಸ್‌ವರ್ಡಿನಿಂದ. ಮೊಜಿಲ್ಲಾದವರಿಗೂ ಒಳಗಿರುವುದು ಕಾಣದು. ಇದು ಈ ಸೇವೆಯ ದೊಡ್ಡ ಗುಣ. ಅದಕ್ಕೆ ತೆರುವ ಬೆಲೆ ಏನೆಂದರೆ, "ಫಾರ್ಗಾಟ್ ಪಾಸ್‌ವರ್ಡ್" ಒತ್ತಿ ಹೊಸದು ಮಾಡಿಕೊಂಡಿರೋ, ಹಳೆಯ ಕೈ ಹೋಯಿತು, ಸರ್ವರಿನಲ್ಲಿದ್ದ ಹಳೆಯ ಮಾಹಿತಿಯೂ ಅಳಿಯಿತು. ಖಾತೆ ಸಿಗುತ್ತದೆ, ಒಳಗೆ ಏನೂ ಇರುವುದಿಲ್ಲ. ಹಳೆಯ ಪಾಸ್‌ವರ್ಡ್ ಗೊತ್ತಿದ್ದು ಸೆಟ್ಟಿಂಗ್ಸ್‌ನಲ್ಲಿ ಬದಲಿಸುವುದು ಬೇರೆ, ಅದರಿಂದ ತೊಂದರೆಯಿಲ್ಲ. ಮರೆತು ರೀಸೆಟ್ ಮಾಡುವುದೇ ಅಪಾಯ. ಜನ ಪಾಸ್‌ವರ್ಡ್ ಮರೆತಿರುವುದು ಗೊತ್ತಾಗುವುದೂ ಫಾರ್ಮ್ಯಾಟ್ ಆದ ದಿನವೇ, ಯಾಕೆಂದರೆ ಅಲ್ಲಿಯತನಕ ಬ್ರೌಸರ್ ಅದನ್ನು ಕೇಳಿರುವುದಿಲ್ಲ.

ಇದಕ್ಕೆ ಮದ್ದು ರಿಕವರಿ ಕೀ. ಮೊಜಿಲ್ಲಾ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ವಿಭಾಗಕ್ಕೆ ಹೋಗಿ "ಅಕೌಂಟ್ ರಿಕವರಿ ಕೀ" ರಚಿಸಿ, ಮುದ್ರಿಸಿ, ಪಾಸ್‌ಬುಕ್ ಇಡುವ ಕಡೆ ಇಡಿ. ಪಾಸ್‌ವರ್ಡ್ ರೀಸೆಟ್ ಮಾಡುವಾಗ ಈ ಕೀ ಕೊಟ್ಟರೆ ಮಾಹಿತಿ ಉಳಿಯುತ್ತದೆ. ಒಂದು ಕೀ ಒಂದೇ ಸಲ ನಡೆಯುತ್ತದೆ. ಬಳಸಿದ ಮೇಲೆ ಹೊಸದನ್ನು ತೆಗೆದಿಡಬೇಕು. ಎರಡು ಹಂತದ ಭದ್ರತೆಗೆ ಕೊಡುವ ಬ್ಯಾಕಪ್ ಕೋಡುಗಳೇ ಬೇರೆ. ಅವು ಬಾಗಿಲು ತೆರೆಯುತ್ತವೆ, ಮಾಹಿತಿಯನ್ನು ಉಳಿಸುವುದಿಲ್ಲ. ಇವೆರಡನ್ನು ಒಂದೇ ಅಂದುಕೊಂಡು ಕಳೆದುಕೊಂಡವರು ಬಹಳ.

ಕೀ ಇಲ್ಲ, ಪಾಸ್‌ವರ್ಡ್ ಮರೆತಿದೆ, ಆದರೆ ಫೋನಿನ ಫೈರ್‌ಫಾಕ್ಸಿನಲ್ಲೋ ಇನ್ನೊಂದು ಲ್ಯಾಪ್‌ಟಾಪಿನಲ್ಲೋ ಎಲ್ಲ ಹಾಗೇ ಇದೆ ಎಂದಾದರೆ ಭಯ ಬೇಡ. ಅದರಲ್ಲಿ ಏನನ್ನೂ ಅಳಿಸದೆ, ಆ್ಯಪ್ ತೆಗೆಯದೆ, ರೀಸೆಟ್ ಆದ ಕೂಡಲೇ ಮೊದಲು ಅದೇ ಯಂತ್ರದಲ್ಲಿ ಲಾಗಿನ್ ಆಗಿ. ಅದರಲ್ಲಿರುವುದು ಮತ್ತೆ ಸರ್ವರಿಗೆ ಏರುತ್ತದೆ, ಅಲ್ಲಿಂದ ಹೊಸ ಕಂಪ್ಯೂಟರಿಗೆ ಇಳಿಯುತ್ತದೆ.

ಖಾಲಿ ಕಂಡಿದ್ದೆಲ್ಲ ಕಳೆದುಹೋದದ್ದಲ್ಲ. ಅಂಗಡಿಯವರು ಸೆಟಪ್ ಮಾಡುವಾಗ ಬೇರೆ ಇಮೇಲ್ ಹಾಕಿ ಹೊಸ ಖಾತೆ ತೆರೆದಿರಬಹುದು. ಮೆನುವಿನಲ್ಲಿ ಯಾವ ವಿಳಾಸ ಇದೆ ನೋಡಿ. ಸಿಂಕ್ ಸೆಟ್ಟಿಂಗ್ಸ್‌ನಲ್ಲಿ ಪಾಸ್‌ವರ್ಡ್ ಎದುರಿನ ಗುರುತು ಹಿಂದೆ ಹಾಕದೇ ಇದ್ದಿರಬಹುದು, ಆಗ ಅವು ಸರ್ವರಿಗೆ ಹೋಗಿಯೇ ಇಲ್ಲ. ಇನ್ನೊಂದು ಕಾರಣ ಗಡಿಯಾರ. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿ ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ ಸೆಲ್ ಇರುತ್ತದೆ. ಅದು ಸತ್ತಿದ್ದರೆ ಪ್ರತಿ ಸಲ ಕರೆಂಟು ಹೋಗಿ ಬಂದಾಗ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ದಿನಾಂಕ ತಪ್ಪಿದರೆ ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರ ಒಪ್ಪಿಗೆಯಾಗದು, ಸಿಂಕ್ ನಿಂತೇ ಬಿಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಮನೆಯಲ್ಲಿ ಮೊದಲು ನೋಡಬೇಕಾದ್ದು ಪರದೆಯ ಮೂಲೆಯ ತಾರೀಕು. ಅದು ಸರಿಯಿದ್ದೂ ಸಿಂಕ್ ಆಗದಿದ್ದರೆ ವಿಳಾಸಪಟ್ಟಿಯಲ್ಲಿ ಅಬೌಟ್:ಸಿಂಕ್-ಲಾಗ್ ಎಂದು (ಇಂಗ್ಲಿಷ್ ಅಕ್ಷರಗಳಲ್ಲಿ) ಬರೆದರೆ ಎಲ್ಲಿ ಎಡವಿದೆ ಎಂಬ ದಾಖಲೆ ಸಿಗುತ್ತದೆ.

ಸಿಂಕ್ ತರದೇ ಇರುವುದೂ ಉಂಟು. ನೀವು ಲಾಗಿನ್ ಆಗಿದ್ದೀರೆಂದು ನೆನಪಿಡುವ ಕುಕಿಗಳು ಬರುವುದಿಲ್ಲ, ಹಾಗಾಗಿ ಎಲ್ಲ ತಾಣಕ್ಕೂ ಮತ್ತೆ ಲಾಗಿನ್ ಆಗಬೇಕು. ಆಡ್-ಆನ್ ಬರುತ್ತದೆ, ಅದರೊಳಗೆ ನೀವು ಬರೆದಿಟ್ಟ ಟಿಪ್ಪಣಿಯೋ ಫಿಲ್ಟರೋ ಬಹುತೇಕ ಬರುವುದಿಲ್ಲ.

ಆದ್ದರಿಂದ ಅಂಗಡಿಗೆ ಕೊಡುವ ಮುನ್ನ ಫೈರ್‌ಫಾಕ್ಸ್ ತನ್ನ ಗಂಟನ್ನು ಇಡುವ ಪ್ರೊಫೈಲ್ ಫೋಲ್ಡರನ್ನು ಪೂರ್ತಿ ನಕಲು ಮಾಡಿ. ಅಬೌಟ್:ಸಪೋರ್ಟ್ ಪುಟದಲ್ಲಿ "ಪ್ರೊಫೈಲ್ ಫೋಲ್ಡರ್" ಎದುರಿನ "ಓಪನ್ ಫೋಲ್ಡರ್" ಒತ್ತಿ, ಬ್ರೌಸರ್ ಮುಚ್ಚಿ, ಒಂದು ಮೆಟ್ಟಿಲು ಮೇಲೆ ಬಂದರೆ ಅರ್ಥವಿಲ್ಲದ ಅಕ್ಷರಗಳಿಂದ ಶುರುವಾಗಿ "ಡೀಫಾಲ್ಟ್-ರಿಲೀಸ್" ಎಂದು ಮುಗಿಯುವ ಫೋಲ್ಡರ್ ಕಾಣುತ್ತದೆ. ಅದನ್ನು ಇಡಿಯಾಗಿ ಪೆನ್‌ಡ್ರೈವಿಗೆ ಹಾಕಿ. ಒಳಗಿರುವ ಪ್ಲೇಸಸ್ ಡಾಟ್ ಎಸ್‌ಕ್ಯೂಲೈಟ್‌ನಲ್ಲಿ ಬುಕ್‌ಮಾರ್ಕು ಮತ್ತು ಹಿಸ್ಟರಿ. ಲಾಗಿನ್ಸ್ ಡಾಟ್ ಜೇಸನ್ ಮತ್ತು ಕೀ4 ಡಾಟ್ ಡಿಬಿ ಎರಡೂ ಜೊತೆಗಿದ್ದರೆ ಮಾತ್ರ ಪಾಸ್‌ವರ್ಡು ತೆರೆಯುತ್ತದೆ. ಒಂದನ್ನೇ ತಂದು ಪ್ರಯೋಜನವಿಲ್ಲ. ಬುಕ್‌ಮಾರ್ಕ್‌ಬ್ಯಾಕಪ್ಸ್ ಎಂಬ ಒಳಫೋಲ್ಡರಿನಲ್ಲಿ ಹೆಸರಲ್ಲೇ ತಾರೀಕು ಹೊತ್ತ ಹಳೆಯ ಪ್ರತಿಗಳು, ಸಾಮಾನ್ಯವಾಗಿ 15ರವರೆಗೆ, ಸಾಲಾಗಿ ಕೂತಿರುತ್ತವೆ. ಕಂಟ್ರೋಲ್, ಶಿಫ್ಟ್, ಓ ಒತ್ತಿ "ಇಂಪೋರ್ಟ್ ಆಂಡ್ ಬ್ಯಾಕಪ್" ಒಳಗಿನ "ರಿಸ್ಟೋರ್"ನಿಂದ ಬೇಕಾದ ದಿನದ್ದನ್ನು ತರಬಹುದು. ಎಚ್ಚರ, ರಿಸ್ಟೋರ್ ಮಾಡಿದ್ದು ಈಗಿರುವುದನ್ನೆಲ್ಲ ಅಳಿಸಿ ಆ ಜಾಗಕ್ಕೆ ಬರುತ್ತದೆ, ಸಿಂಕ್ ಇದ್ದರೆ ಉಳಿದ ಯಂತ್ರಗಳಲ್ಲೂ.

ಮರಳಿ ಹಾಕುವಾಗ ಅಬೌಟ್:ಪ್ರೊಫೈಲ್ಸ್‌ನಲ್ಲಿ ಹೊಸ ಪ್ರೊಫೈಲ್ ರಚಿಸುತ್ತಾ "ಚೂಸ್ ಫೋಲ್ಡರ್" ಒತ್ತಿ, ಡಿಸ್ಕಿಗೆ ನಕಲಿಸಿಕೊಂಡ ಹಳೆಯ ಫೋಲ್ಡರನ್ನು ತೋರಿಸಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಲಿನಕ್ಸಿಗೆ ಹೋಗುವವರು ಒಂದು ಮಾತು ನೆನಪಿಡಬೇಕು: ಡೆಬಿಯನ್ ಎಂಬ ಲಿನಕ್ಸಿನಲ್ಲಿ ಬರುವ ಇಎಸ್‌ಆರ್ (ದೀರ್ಘಕಾಲ ಬೆಂಬಲದ) ಫೈರ್‌ಫಾಕ್ಸ್ ನಿಮ್ಮ ವಿಂಡೋಸಿನದಕ್ಕಿಂತ ಹಳೆಯದಾಗಿರಬಹುದು. ಹೊಸ ಆವೃತ್ತಿಯಲ್ಲಿ ಬಳಸಿದ ಪ್ರೊಫೈಲನ್ನು ಹಳೆಯ ಆವೃತ್ತಿ ತೆರೆಯಲು ಒಪ್ಪುವುದಿಲ್ಲ.

ಹೀಗೆ ಫೋಲ್ಡರ್ ನಕಲು ಮಾಡಿದರೆ ಕೆಲಸ ನಡೆಯುವುದು ಫೈರ್‌ಫಾಕ್ಸಿನ ಪರವಾದ ಅಂಶ. ಕ್ರೋಮ್ ಪಾಸ್‌ವರ್ಡುಗಳಿಗೆ ಹಾಕುವ ಬೀಗ ಆ ವಿಂಡೋಸ್ ಖಾತೆಗೇ ಅಂಟಿರುತ್ತದೆ. ಫಾರ್ಮ್ಯಾಟ್ ಆದ ಮೇಲೆ ಅದರ ಫೋಲ್ಡರ್ ತಂದರೆ ಬುಕ್‌ಮಾರ್ಕು ಸಿಕ್ಕೀತು, ಪಾಸ್‌ವರ್ಡು ತೆರೆಯದು. ಇತ್ತ, ಪಾಸ್‌ವರ್ಡ್ ಮರೆಯುವ ಅಜ್ಜ ಅಜ್ಜಿಯರಿಗೆ ಕ್ರೋಮ್ ವಾಸಿ. ಸಿಂಕಿಗೆಂದೇ ಬೇರೆ ಗುಪ್ತಪದ (ಪಾಸ್‌ಫ್ರೇಸ್) ಹಾಕಿಲ್ಲದಿದ್ದರೆ ಗೂಗಲ್ ಖಾತೆ ಮರಳಿ ಸಿಕ್ಕ ಕೂಡಲೇ ಮಾಹಿತಿಯೂ ಸಿಗುತ್ತದೆ. ನನ್ನ ಮಾತು ಕೇಳುವುದಾದರೆ, ರಿಕವರಿ ಕೀ ಮುದ್ರಿಸಿ ಇಡುವವರಿಗೆ ಫೈರ್‌ಫಾಕ್ಸ್ ಸಿಂಕಿಗೆ ಐದಕ್ಕೆ ನಾಲ್ಕೂವರೆ, ಇಡದವರಿಗೆ ಎರಡು.

ಫಾರ್ಮ್ಯಾಟ್ ಆಗಿಯೇ ಹೋಗಿದ್ದರೂ ಸಿ ಡ್ರೈವಿನಲ್ಲಿ ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರ್ ಇದೆಯೇ ನೋಡಿ. ಡ್ರೈವ್ ಅಳಿಸದೆ ಮೇಲಿಂದಲೇ ವಿಂಡೋಸ್ ಹಾಕಿದ್ದರೆ ಹಳೆಯ ಬಳಕೆದಾರರ ಫೋಲ್ಡರು ಅದರೊಳಗಿರುತ್ತದೆ: ಯೂಸರ್ಸ್, ನಿಮ್ಮ ಹೆಸರು, ಆ್ಯಪ್‌ಡೇಟಾ, ರೋಮಿಂಗ್, ಮೊಜಿಲ್ಲಾ, ಫೈರ್‌ಫಾಕ್ಸ್, ಪ್ರೊಫೈಲ್ಸ್. ಸಾಮಾನ್ಯವಾಗಿ 10 ದಿನಕ್ಕೆ ವಿಂಡೋಸ್ ಅದನ್ನು ತಾನಾಗಿ ಅಳಿಸುತ್ತದೆ, ಅಷ್ಟರೊಳಗೆ ನಕಲಿಸಿಕೊಳ್ಳಿ. ಸ್ಪೀಡಿಗೆಂದು ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದ್ದರೆ ಇನ್ನೂ ಒಳ್ಳೆಯದು, ಹಳೆಯ ಡಿಸ್ಕಿನಲ್ಲಿ ಎಲ್ಲ ಹಾಗೇ ಇರುತ್ತದೆ. ಬಿಲ್ ಕೊಡುವಾಗಲೇ ಅದನ್ನು ಕೇಳಿ ಇಸಿದುಕೊಳ್ಳಿ. ಡಿಸ್ಕಿನ ಸಾಟಾ ಕನೆಕ್ಟರಿನಿಂದ ಯುಎಸ್‌ಬಿಗೆ ಹೋಗುವ ಕೇಬಲ್ ಒಂದಿದ್ದರೆ ಮನೆಯಲ್ಲೇ ತೆರೆಯಬಹುದು.