ಒಳ್ಳೆಮೆಣಸಿಗೆ ಟ್ರೈಕೋಡರ್ಮಾ: ನಾಲ್ಕು ಮಳೆಗಾಲ ಬಳಸಿದ ಮೇಲೆ

ಐದನೇ ದಿನ ಬೆಳಿಗ್ಗೆ ಗೋಣಿ ಸರಿಸಿದಾಗ ಬರುವ ಪರಿಮಳಕ್ಕೇ ನಾನು ಟ್ರೈಕೋಡರ್ಮಾ ಎಂಬ ಈ ಪುಡಿಗೆ, ಅಂದರೆ ಬೇರು ಕಾಯುವ ಒಳ್ಳೆಯ ಬೂಸ್ಟಿಗೆ, ಮನಸೋತದ್ದು. ಹಟ್ಟಿಗೊಬ್ಬರದ ರಾಶಿಯಿಂದ ಆಗ ತಾನೇ ತುರಿದ ತೆಂಗಿನಕಾಯಿಯ ವಾಸನೆ! ಮೇಲೆಲ್ಲ ಹಸಿರು ಬೂಸ್ಟು.

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ. ಮರಗಳಿಗೆ 150 ಒಳ್ಳೆಮೆಣಸಿನ (ಕಾಳುಮೆಣಸಿನ) ಬಳ್ಳಿ, ಹೆಚ್ಚಿನವು ಪಣಿಯೂರು ತಳಿ. ಸೊರಗು ರೋಗ ಬಂದರೆ ಏನಾಗುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ ಅಲ್ವಾ? ಒಂದೇ ಆಟಿ ತಿಂಗಳ ಮಳೆಯಲ್ಲಿ 22 ಬಳ್ಳಿ ಎಲೆ ಉದುರಿಸಿ ಬರೀ ಹಗ್ಗವಾದವು. ಮರುವರ್ಷ ಟ್ರೈಕೋಡರ್ಮಾ ತಂದೆ.

ಮೇ ಕೊನೆಯ ಪತ್ತನಾಜೆ ಕಳೆದು, ಅಡಿಕೆಗೆ ಮೊದಲ ಮೈಲುತುತ್ತಿನ ಮದ್ದು ಬಿಟ್ಟಾದ ಮೇಲೆ ರಾಶಿ ಹಾಕುತ್ತೇವೆ. ಒಣ ಹಟ್ಟಿಗೊಬ್ಬರ 90 ಕೆಜಿ, ಬೇವಿನ ಹಿಂಡಿ 10 ಕೆಜಿ, ಪುಡಿ 1 ಕೆಜಿ. ನೆರಳಲ್ಲೇ ಕಲಸಬೇಕು. ನೀರು ಚಿಮುಕಿಸುವುದು ಅಮ್ಮ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಅವರ ಕೈ ಒಪ್ಪಿದ ಮೇಲೆಯೇ ಗೋಣಿ ಮುಚ್ಚುವುದು. ಮೊದಲು ಬಿಳಿ, ಆಮೇಲೆ ಹಸಿರು. ಒಮ್ಮೆ ಮಗುಚಿ ಮೂರು ದಿನ ಬಿಟ್ಟು ಬಳ್ಳಿಗೆ 2 ಕೆಜಿಯಂತೆ ಬುಡಕ್ಕೆ. ಇಂಥ ಮೂರು ರಾಶಿ ಬೇಕು. ಮೈಲುತುತ್ತು ಬುಡಕ್ಕೆ ಇಳಿದರೆ ಈ ಬೂಸ್ಟಿಗೂ ಪೆಟ್ಟು, ಹಾಗಾಗಿ ಮದ್ದು ಬಿಟ್ಟು ಮೂರು ವಾರ ಕಳೆಯದೆ ಹಾಕುವುದಿಲ್ಲ.

ಮೊದಲ ವರ್ಷ ಹೋದದ್ದು 3 ಬಳ್ಳಿ ಮಾತ್ರ. ರೋಗಾಣು ಬೇರಿಗೆ ತಾಗುವ ಮೊದಲೇ ಇದು ಅಲ್ಲಿ ಜಾಗ ಹಿಡಿಯುತ್ತದೆ. ಆ ರೋಗಾಣುವಿಗೆ ಸುತ್ತಿಕೊಂಡು ಅದನ್ನೇ ತಿನ್ನುತ್ತದೆ.

ಎರಡನೇ ವರ್ಷ ಮಾತ್ರ ಹೊಟ್ಟೆ ಉರಿಯಿತು. ಐದು ದಿನ ಆಯಿತು, ಎಂಟು ದಿನ ಆಯಿತು, ಹಸಿರು ಬರಲೇ ಇಲ್ಲ. ಅಂಗಡಿಯಲ್ಲಿ ಶೀಟಿನ ಮಾಡಿನ ಕೆಳಗೆ ಬೇಸಿಗೆಯಿಡೀ ಬೆಂದ ಪ್ಯಾಕೆಟ್ ಅದು. ತಯಾರಾದ ತಾರೀಕಿನ ಮೇಲೆಯೇ ಬೆಲೆಯ ಚೀಟಿ ಅಂಟಿಸಿದ್ದರು. ಕಿತ್ತು ನೋಡಿದರೆ 11 ತಿಂಗಳು ಹಳತು. ಇದು ಜೀವ ಇರುವ ವಸ್ತು, ಯೂರಿಯಾದ ಹಾಗೆ ಇಟ್ಟಲ್ಲೇ ಇರುವುದಿಲ್ಲ. ಮೂರು ಪ್ಯಾಕೆಟಿನ 420 ರೂಪಾಯಿ ಹೋದರೆ ಹೋಗಲಿ. ಹಿಂಡಿ, ಆಳಿನ ಸಂಬಳ, ಅಮ್ಮನ ಎರಡು ದಿನದ ಸೊಂಟನೋವು, ಎಲ್ಲ ಸುಮ್ನೆ ಹೋಯಿತು. ಆ ಮಳೆಗಾಲ 9 ಬಳ್ಳಿ ಸತ್ತವು. ಹೊರಗೆ ಕಾಣುವ ಹಾಗೆ ತಾರೀಕು ಇಡದವರು ಈ ಪುಡಿಯನ್ನು ಮಾರಲೇಬಾರದು.

ಆಮೇಲೆಯೂ ಬಿಡಲಿಲ್ಲ. ಎರಡು ತಿಂಗಳೊಳಗಿನ ಪ್ಯಾಕೆಟ್ ಮಾತ್ರ ತರುತ್ತೇನೆ. ರಾಶಿ ಹಾಕುವ ವಾರ ಮೊದಲು ಒಂದು ತೆಂಗಿನ ಗೆರಟೆಯಲ್ಲಿ ಒಂದು ಹಿಡಿ ಗೊಬ್ಬರಕ್ಕೆ ಚಿಟಿಕೆ ಪುಡಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಇಡುತ್ತೇನೆ; ಹಸಿರು ಬಂದರೆ ಪುಡಿಗೆ ಜೀವ ಇದೆ ಅಂತ. ಕಳೆದ ಎರಡು ಮಳೆಗಾಲದಲ್ಲಿ ಒಟ್ಟು 5 ಬಳ್ಳಿ ಹೋಯಿತು. ಅದರಲ್ಲಿ 4 ನೀರು ನಿಲ್ಲುವ ಕೆಳಗಿನ ಮೂಲೆಯವು. ಅಲ್ಲಿ ನೀರು ಹರಿದು ಹೋಗಲು ಕಣಿ ಬಿಡಿಸಬೇಕು, ಪುಡಿಯಿಂದ ಆಗುವ ಕೆಲಸ ಅದಲ್ಲ. ಎಲೆ ಬಾಡಿದ ಬಳ್ಳಿಯನ್ನೂ ಇದು ಉಳಿಸುವುದಿಲ್ಲ.

ಈ ಸಲ ಗೆರಟೆ ನಾಲ್ಕನೇ ದಿನವೇ ಹಸಿರಾಯಿತು. ಅಮ್ಮ ಮೂಸಿ ನೋಡಿ, "ನಾಳೆ ಹಿಂಡಿ ತಾ ಮಗಾ" ಅಂದರು.