ಟಿಎಫ್‌ಎಸ್‌ಎ ಬೇರೆ ಕಡೆ ಒಯ್ಯುವಾಗ ದುಡ್ಡು ಡ್ರಾ ಮಾಡಬೇಡಿ

ಕೆನಡಾಕ್ಕೆ ಹೊಸದಾಗಿ ಬಂದು, ಷೇರು ಕೊಳ್ಳಲು ಟಿಎಫ್‌ಎಸ್‌ಎ (ಲಾಭಕ್ಕೆ ತೆರಿಗೆಯಿಲ್ಲದ ಅಲ್ಲಿನ ಉಳಿತಾಯ, ಹೂಡಿಕೆ ಖಾತೆ) ತೆರೆಯಬೇಕೆಂದಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬೆಂಗಳೂರಿನಿಂದ ಟೊರಾಂಟೊ ಪಕ್ಕಕ್ಕೆ ಬಂದು ನೆಲೆಸಿದ ಒಬ್ಬರಿಗೆ 2025ರ ಬೇಸಿಗೆಯಲ್ಲಿ ಅಲ್ಲಿನ ತೆರಿಗೆ ಇಲಾಖೆ ಸಿಆರ್‌ಎಯಿಂದ ಪತ್ರ ಬಂತು. ತೆರಿಗೆಯೇ ಇಲ್ಲವೆಂದು ತೆರೆದ ಖಾತೆಗೆ 1,950 ಡಾಲರ್ ತೆರಿಗೆ, ಅದರ ಮೇಲೆ ತಡವಾಗಿದ್ದಕ್ಕೆ ದಂಡ, ಬಡ್ಡಿ. ಅವರು ಹೊಸದಾಗಿ ಒಂದು ಡಾಲರ್ ಕೂಡ ಸೇರಿಸಿರಲಿಲ್ಲ. ಇದ್ದ ದುಡ್ಡನ್ನೇ ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಇಟ್ಟಿದ್ದರು, ಅಷ್ಟೆ.

ಅವರು ಬಂದದ್ದು 2022ರ ಆಗಸ್ಟ್‌ನಲ್ಲಿ. ಟಿಎಫ್‌ಎಸ್‌ಎಗೆ ವರ್ಷಕ್ಕೆ ಇಷ್ಟೇ ಹಾಕಬಹುದೆಂಬ ಮಿತಿಯಿದೆ, ಬಳಸದೆ ಉಳಿದದ್ದು ಮುಂದಿನ ವರ್ಷಕ್ಕೆ ಸೇರುತ್ತದೆ. ವರ್ಷದ ಕೊನೆಗೆ ಬಂದರೂ ಆ ವರ್ಷದ ಮಿತಿ ಪೂರ್ತಿ ಸಿಗುತ್ತದೆ: 2022ಕ್ಕೆ 6,000, 2023ಕ್ಕೆ 6,500, 2024ಕ್ಕೆ 7,000, ಒಟ್ಟು 19,500 ಡಾಲರ್. ಅಷ್ಟನ್ನೂ 2024ರ ಜನವರಿಯಲ್ಲಿ ಬ್ಯಾಂಕ್ ಶಾಖೆಗೆ ಹೋಗಿ ಟಿಎಫ್‌ಎಸ್‌ಎಗೆ ಹಾಕಿದರು. ಆ ಖಾತೆ ಬರೀ ಉಳಿತಾಯದ್ದು, ಅದರಲ್ಲಿ ಷೇರು ಕೊಳ್ಳಲು ಬರುವುದಿಲ್ಲ ಎಂಬುದು ತಿಳಿದದ್ದು ಮಾರ್ಚ್‌ನಲ್ಲಿ. ಆಗ ಆನ್‌ಲೈನ್ ಬ್ರೋಕರ್ ಹತ್ತಿರ ಇನ್ನೊಂದು ಟಿಎಫ್‌ಎಸ್‌ಎ ತೆರೆದು, ಬ್ಯಾಂಕಿನದನ್ನು ಬಡ್ಡಿ ಸಮೇತ ಡ್ರಾ ಮಾಡಿ, 19,500 ಡಾಲರನ್ನು ಅಲ್ಲಿಗೆ ಹಾಕಿದರು.

ತಪ್ಪಿದ್ದು ಇಲ್ಲೇ. ಟಿಎಫ್‌ಎಸ್‌ಎಯಿಂದ ತೆಗೆದ ಹಣಕ್ಕೆ ರೂಮ್, ಅಂದರೆ ಮತ್ತೆ ಹಾಕುವ ಮಿತಿ, ಮರಳಿ ಸಿಗುವುದು ಮುಂದಿನ ಜನವರಿ 1ಕ್ಕೆ. ಅಲ್ಲಿಯವರೆಗೆ ಹಾಕಿದ್ದೆಲ್ಲ ಹೊಸ ಜಮೆ. ಮಿತಿ ಜನವರಿಯಲ್ಲೇ ಮುಗಿದಿದ್ದರಿಂದ ಮಾರ್ಚ್‌ನಲ್ಲಿ ಹಾಕಿದ 19,500 ಡಾಲರೂ ಹೆಚ್ಚುವರಿಯಾಯಿತು. ಹೆಚ್ಚುವರಿಗೆ ತೆರಿಗೆ ತಿಂಗಳಿಗೆ ಶೇ. 1, ಆ ತಿಂಗಳಲ್ಲಿ ಮೊತ್ತ ಅತಿ ಹೆಚ್ಚು ಇದ್ದಾಗಿನ ಲೆಕ್ಕದಲ್ಲಿ. ತಿಂಗಳಿಗೆ 195 ಡಾಲರ್, ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಹತ್ತು ತಿಂಗಳು.

ಹಾಕುವ ಮುಂಚೆ ಅವರು ಸಿಆರ್‌ಎ ಜಾಲತಾಣದ ತಮ್ಮ ‘ಮೈ ಅಕೌಂಟ್’ ಪುಟವನ್ನು ನೋಡಿಯೇ ಇದ್ದರು. ಅಲ್ಲಿ ಇನ್ನೂ 19,500 ಡಾಲರ್ ರೂಮ್ ಎಂದೇ ಇತ್ತು. ಆ ಸಂಖ್ಯೆ ಜನವರಿ 1ರದ್ದು. ವರ್ಷದ ಜಮೆ, ಡ್ರಾಗಳ ಲೆಕ್ಕವನ್ನು ಬ್ಯಾಂಕುಗಳು ಸಿಆರ್‌ಎಗೆ ಕೊಡುವುದು ಮುಂದಿನ ವರ್ಷದ ಫೆಬ್ರುವರಿ ಕೊನೆಯೊಳಗೆ. ಹಾಗಾಗಿ ನಡುವರ್ಷದಲ್ಲಿ ಆ ಪುಟವನ್ನು ನಂಬಲೇಬೇಡಿ. ಎಲ್ಲ ಟಿಎಫ್‌ಎಸ್‌ಎಗಳ ಜಮೆಯನ್ನು ದಿನಾಂಕ ಸಮೇತ ನೀವೇ ಬರೆದಿಟ್ಟುಕೊಳ್ಳಿ. ಖಾತೆ ನಾಲ್ಕಿದ್ದರೂ ಮಿತಿ ಒಂದೇ.

ಸರಿಯಾದ ದಾರಿ ನೇರ ಟ್ರಾನ್ಸ್‌ಫರ್. ಹಳೆಯ ಬ್ಯಾಂಕಿಗೆ ಹೋಗಬೇಕಿಲ್ಲ; ದುಡ್ಡು ಹೋಗಿ ಸೇರಬೇಕಾದ ಬ್ರೋಕರ್ ಬಳಿಯೇ ಟ್ರಾನ್ಸ್‌ಫರ್ ಫಾರಂ ತುಂಬಿ. ಎರಡೂ ಕಡೆ ಖಾತೆಯ ಬಗೆ ಟಿಎಫ್‌ಎಸ್‌ಎ ಎಂದೇ ಇರಬೇಕು, ಹೆಸರು ಅಕ್ಷರಶಃ ಒಂದೇ ಆಗಿರಬೇಕು. ನಗದಾಗಿ ತರಬೇಕೋ ಇದ್ದ ಹೂಡಿಕೆಯನ್ನು ಹಾಗೇ ತರಬೇಕೋ ಎಂದು ಗುರುತು ಹಾಕಿ. ವಾರಗಟ್ಟಲೆ ಹಿಡಿದರೂ ಕಾಯಿರಿ, ಅವಸರಕ್ಕೆ ಡ್ರಾ ಮಾಡಬೇಡಿ. ಕಳಿಸುವ ಬ್ಯಾಂಕ್ ಶುಲ್ಕ ಹಾಕಬಹುದು. ಅದನ್ನು ತುಂಬಿಕೊಡುತ್ತೀರಾ ಎಂದು ಬ್ರೋಕರನ್ನು ಮೊದಲೇ ಕೇಳಿ.

ಈ ತಾಪತ್ರಯವೇ ಬೇಡವೆಂದರೆ ತೆರೆಯುವಾಗಲೇ ಸರಿಯಾದ್ದನ್ನು ಆರಿಸಿ. ಟಿಎಫ್‌ಎಸ್‌ಎ ಎಂಬುದು ಬರೀ ತೆರಿಗೆಯ ಹೊದಿಕೆ. ಒಳಗೆ ಉಳಿತಾಯ ಖಾತೆ, ಜಿಐಸಿ (ನಮ್ಮ ಎಫ್‌ಡಿಯಂಥ ಠೇವಣಿ), ಮ್ಯೂಚುವಲ್ ಫಂಡ್, ಷೇರು ಯಾವುದೂ ಇರಬಹುದು. ಷೇರು, ಇಟಿಎಫ್ (ಷೇರಿನಂತೆ ಕೊಂಡು ಮಾರುವ ಫಂಡ್) ಬೇಕಿದ್ದರೆ ‘ಸೆಲ್ಫ್ ಡೈರೆಕ್ಟೆಡ್’, ಅಂದರೆ ಹೂಡಿಕೆಯನ್ನು ನೀವೇ ಆರಿಸುವ, ಖಾತೆಯನ್ನೇ ಕೇಳಿ. ಶಾಖೆಯಲ್ಲಿ ಮಾತಿನ ಭರದಲ್ಲಿ ಜಿಐಸಿಗೆ ಸಹಿ ಹಾಕಿಬಿಟ್ಟರೆ, ಅವಧಿ ಮುಗಿಯುವ ತನಕ ಮುರಿಯಲಾಗದ ಬಗೆಯಾದರೆ, ಆ ದುಡ್ಡನ್ನು ಟ್ರಾನ್ಸ್‌ಫರ್ ಕೂಡ ಮಾಡಲಾಗದು. ಅಮೆರಿಕದ ಷೇರು ಕೊಳ್ಳುವವರು ಕೆನಡಾ ಡಾಲರನ್ನು ಅಮೆರಿಕದ ಡಾಲರಿಗೆ ಬದಲಿಸಲು ಎಷ್ಟು ಹಿಡಿಯುತ್ತಾರೆಂದು ಕೇಳಿ. ಕಮಿಷನ್ ಇಲ್ಲ ಎನ್ನುವವರು ಅಲ್ಲಿ ವಸೂಲಿ ಮಾಡುತ್ತಾರೆ. ಆ ಷೇರುಗಳ ಡಿವಿಡೆಂಡ್‌ನಲ್ಲಿ ಶೇ. 15 ಅಮೆರಿಕದಲ್ಲೇ ಕಡಿತವಾಗುತ್ತದೆ, ಟಿಎಫ್‌ಎಸ್‌ಎಯಲ್ಲಿ ಅದು ಮರಳಿ ಬರುವುದಿಲ್ಲ.

ಇನ್ನೊಂದು ಮಾತು. 2025ಕ್ಕೆ ಒಟ್ಟು ಮಿತಿ 1,02,000 ಡಾಲರ್ ಎಂದು ಎಲ್ಲೆಡೆ ಓದುತ್ತೀರಿ. ಅದು 2009ರಿಂದಲೂ ಕೆನಡಾದಲ್ಲೇ ಇದ್ದು, ಆಗಲೇ 18 ತುಂಬಿದ್ದವರಿಗೆ. ನಿಮ್ಮ ಲೆಕ್ಕ ಶುರುವಾಗುವುದು ನೀವು ಅಲ್ಲಿನ ನಿವಾಸಿಯಾದ ವರ್ಷದಿಂದ.

ಈಗಾಗಲೇ ಎಡವಿದ್ದೀರೆಂದು ಗೊತ್ತಾದರೆ ಪತ್ರಕ್ಕೆ ಕಾಯಬೇಡಿ, ಹೆಚ್ಚುವರಿಯನ್ನು ಇವತ್ತೇ ತೆಗೆಯಿರಿ. ಮೇಲಿನ ಲೆಕ್ಕದಲ್ಲಿ ಏಪ್ರಿಲ್‌ನಲ್ಲೇ ತೆಗೆದಿದ್ದರೆ ಎರಡು ತಿಂಗಳಿಗೆ 390 ಡಾಲರ್‌ಗೆ ಮುಗಿಯುತ್ತಿತ್ತು. ಮುಂದಿನ ವರ್ಷದ ಜೂನ್ 30ರೊಳಗೆ ಆರ್‌ಸಿ243 ಫಾರಂ (ಟಿಎಫ್‌ಎಸ್‌ಎ ತೆರಿಗೆಯ ರಿಟರ್ನ್) ಸಲ್ಲಿಸಿ ಹಣ ಕಟ್ಟಿ. ಜೊತೆಗೆ ತೆರಿಗೆ ಮನ್ನಾ ಕೋರಿ ಪತ್ರ ಬರೆಯಿರಿ: ತಪ್ಪು ಹೇಗಾಯಿತು, ತಿಳಿದ ಕೂಡಲೇ ಯಾವ ದಿನ ಹಣ ತೆಗೆದಿರಿ ಎಂದು, ಎರಡೂ ಖಾತೆಗಳ ಸ್ಟೇಟ್‌ಮೆಂಟ್ ಲಗತ್ತಿಸಿ. ಪ್ರಾಮಾಣಿಕ ತಪ್ಪಾಗಿದ್ದು, ತಡಮಾಡದೆ ಸರಿಪಡಿಸಿದ್ದರೆ ಮನ್ನಾ ಮಾಡುವ ಅಧಿಕಾರ ಸಿಆರ್‌ಎಗಿದೆ.

ಊರಿಗೆ ಮರಳುವ ಯೋಚನೆ ಇರುವವರು ಇದನ್ನೂ ಗಮನಿಸಿ. ಕೆನಡಾದ ನಿವಾಸಿಯಲ್ಲದ ಮೇಲೆ ಟಿಎಫ್‌ಎಸ್‌ಎಗೆ ಹಾಕುವ ಹಣಕ್ಕೂ ತಿಂಗಳಿಗೆ ಶೇ. 1 ತೆರಿಗೆಯಿದೆ, ಸ್ವಯಂಚಾಲಿತ ಮಾಸಿಕ ಜಮೆ ಇದ್ದರೆ ವಿಮಾನ ಹತ್ತುವ ಮುಂಚೆ ನಿಲ್ಲಿಸಿ. ಭಾರತದ ಕಾನೂನಿನಲ್ಲಿ ಟಿಎಫ್‌ಎಸ್‌ಎಗೆ ವಿನಾಯಿತಿ ಇಲ್ಲ. ಆರ್‌ಎನ್‌ಒಆರ್ ಅವಧಿ (ಮರಳಿದವರ ವಿದೇಶಿ ಆದಾಯಕ್ಕೆ ಸಾಮಾನ್ಯವಾಗಿ ತೆರಿಗೆ ಬೀಳದ ಆರಂಭದ ಅವಧಿ) ಮುಗಿದು ಪೂರ್ಣ ನಿವಾಸಿಯಾದ ಮೇಲೆ ಅದರ ಡಿವಿಡೆಂಡ್, ಲಾಭ ಎರಡಕ್ಕೂ ಇಲ್ಲಿ ತೆರಿಗೆ ಬೀಳುತ್ತದೆ, ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ತೋರಿಸುವ ಷೆಡ್ಯೂಲ್ ಎಫ್‌ಎಯಲ್ಲಿ ಖಾತೆಯನ್ನು ತೋರಿಸಲೇಬೇಕು. ಲಾಭದಲ್ಲಿರುವ ಷೇರುಗಳನ್ನು ಆ ಅವಧಿಯೊಳಗೇ ಮಾರುವುದು ಲೇಸು.